ಮನೆಗೊಂದು ಬೀಗ, ನೀರಿಗೊಂದು ಬೀಗ: ರಜೆಗೆ ಹೊರಡುವವರಿಗೆ 15 ಸೂತ್ರಗಳು

ಏಪ್ರಿಲ್ ಬಂತೆಂದರೆ ಅಜ್ಜಿ ಮನೆ, ಅಕ್ಟೋಬರ್ ಬಂತೆಂದರೆ ದಸರಾ ರಜೆ, ನಡುವೆ ಒಂದು ತಿರುಪತಿ, ಎರಡು ಮದುವೆ. ಹೊರಡುವ ದಿನ ಗ್ಯಾಸ್ ಆಫ್ ಆಯಿತಾ, ಹಿತ್ತಿಲ ಬಾಗಿಲಿಗೆ ಚಿಲಕ ಬಿತ್ತಾ ಎಂದು ಎರಡೆರಡು ಸಲ ನೋಡುತ್ತೇವೆ. ಒಡವೆ ಆಗಲೇ ಬ್ಯಾಂಕ್ ಲಾಕರ್ ಸೇರಿರುತ್ತದೆ. ನೀರಿನ ಕಡೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಕಳ್ಳ ಬಂದರೂ ಬರಬಹುದು, ಬರದೆಯೂ ಇರಬಹುದು. ಪೈಪಿನೊಳಗಿನ ನೀರು ನಾವಿಲ್ಲದ ಅಷ್ಟೂ ದಿನ ಒತ್ತುತ್ತಲೇ ಇರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ತಾರಸಿಯ ಮೇಲೆ 1000 ಲೀಟರಿನ ಸಿಂಟೆಕ್ಸ್ ಇದೆ. ಕೆಳಗೆ ಬಾತ್‌ರೂಮಿನ ಒಂದು ಕನೆಕ್ಷನ್ ಪೈಪ್ ಬಿಟ್ಟುಕೊಂಡು ನಿಮಿಷಕ್ಕೆ 10 ಲೀಟರಿನಂತೆ ಹರಿಯತೊಡಗಿತು ಎಂದುಕೊಳ್ಳಿ. ಮನೆಯಲ್ಲಿ ಜನರಿದ್ದರೆ ಐದು ನಿಮಿಷದಲ್ಲಿ ಯಾರಾದರೂ ಕೂಗುತ್ತಾರೆ, 50 ಲೀಟರಿಗೆ ಕಥೆ ಮುಗಿಯುತ್ತದೆ. ಯಾರೂ ಇಲ್ಲದಿದ್ದರೆ 100 ನಿಮಿಷದಲ್ಲಿ ಟ್ಯಾಂಕ್ ಖಾಲಿ. ಹತ್ತಕ್ಕೆ ಹತ್ತು ಅಡಿಯ ಕೋಣೆಯಲ್ಲಿ ಆ ನೀರು ಹೊರಹೋಗದೆ ನಿಂತರೆ ಸುಮಾರು ನಾಲ್ಕು ಇಂಚು ಆಳ. ಪ್ಲೈವುಡ್ ವಾರ್ಡ್‌ರೋಬಿನ ಕೆಳ ಅರೆ, ಅದರಲ್ಲಿಟ್ಟ ರೇಷ್ಮೆ ಸೀರೆ, ಮಂಚದಡಿಯ ಪೆಟ್ಟಿಗೆಯ ಕಾಗದಪತ್ರ ಎಲ್ಲವೂ ಆ ನಾಲ್ಕು ಇಂಚಿನೊಳಗೇ ಬರುತ್ತವೆ.

ಯಾವ ಪೈಪು ಯಾವ ದಿನ ಕೈಕೊಡುತ್ತದೆಂದು ಪ್ಲಂಬರ್ ಕೂಡ ಹೇಳಲಾರ. ಕೈಕೊಟ್ಟ ಹೊತ್ತಿಗೆ ಅದರ ಹಿಂದೆ ಎಷ್ಟು ನೀರಿರಬೇಕು ಎಂಬುದನ್ನು ಮಾತ್ರ ನಾವು ತೀರ್ಮಾನಿಸಬಹುದು. ಕೆಳಗಿನ ಸೂತ್ರಗಳೆಲ್ಲ ಈ ಒಂದು ಮಾತಿನ ವಿಸ್ತರಣೆ.

1. ವಾರ ಮೊದಲೇ ವಾಲ್ವ್ ತಿರುಗಿಸಿ ನೋಡಿ

ಕ್ಯಾಬ್ ಗೇಟಿನ ಮುಂದೆ ನಿಂತಿರುವಾಗ ಹಳೆಯ ವಾಲ್ವಿಗೆ ಕೈ ಹಾಕಬೇಡಿ. ವರ್ಷಗಟ್ಟಲೆ ತಿರುಗಿಸದ ಗೇಟ್ ವಾಲ್ವ್ ಬಿಗಿದುಕೊಂಡಿರುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರಂತೂ ಒಳಗೆ ಉಪ್ಪು ಕಟ್ಟಿರುತ್ತದೆ. ಬಲ ಹಾಕಿದರೆ ಮುರಿದೀತು. ಪೂರ್ತಿ ಮುಚ್ಚಿದಂತೆ ಕಂಡರೂ ಒಳಗೆ ನೀರು ಜಾರುತ್ತಿದ್ದೀತು. ವಾರ ಮೊದಲು ನಿಧಾನವಾಗಿ ಮುಚ್ಚಿ, ಕೆಳಗಿನ ನಲ್ಲಿ ಬಿಟ್ಟು ನೋಡಿ. ಧಾರೆ ಪೂರ್ತಿ ನಿಲ್ಲದಿದ್ದರೆ ಬದಲಿಸಿ ಬಾಲ್ ವಾಲ್ವ್ ಹಾಕಿಸಿ. ಅದಕ್ಕೆ ಕಾಲು ಸುತ್ತು ಸಾಕು: ಹಿಡಿ ಪೈಪಿನ ನೇರಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಕತ್ತಲಲ್ಲಿ ಮುಟ್ಟಿಯೂ ಹೇಳಬಹುದು.

2. ನೀರಿನ ದಾರಿ ಬರೆದಿಡಿ

ತಾರಸಿಯ ಟ್ಯಾಂಕಿನ ಬುಡದಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಪೈಪುಗಳು ಇಳಿಯುತ್ತವೆ. ಒಂದು ಅಡುಗೆಮನೆಗೆ, ಒಂದು ಬಾತ್‌ರೂಮುಗಳಿಗೆ, ಒಂದು ಸೋಲಾರಿಗೆ, ಇನ್ನೊಂದು ಬಾಡಿಗೆಯವರ ಮನೆಗೆ. ಯಾವುದು ಯಾವುದೆಂದು ಕಟ್ಟಿಸಿದ ಮೇಸ್ತ್ರಿಗೆ ಗೊತ್ತಿತ್ತು, ಈಗ ಯಾರಿಗೂ ಗೊತ್ತಿಲ್ಲ. ಒಂದು ಭಾನುವಾರ ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಒಂದೊಂದೇ ವಾಲ್ವ್ ಮುಚ್ಚಿ ಪತ್ತೆ ಮಾಡಿ. ಪರ್ಮನೆಂಟ್ ಮಾರ್ಕರಿನಲ್ಲಿ ಪೈಪಿನ ಮೇಲೆಯೇ ಹೆಸರು ಬರೆಯಿರಿ. ಫೋನಿನಲ್ಲಿ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. ಊರಿನಿಂದ ಯಾರಿಗಾದರೂ ವಿವರಿಸಬೇಕಾಗಿ ಬಂದರೆ ಮಾತಿಗಿಂತ ಅದೇ ಉಪಯೋಗ.

3. ಈಗಾಗಲೇ ಸೋರುತ್ತಿದೆಯೇ ಪರೀಕ್ಷಿಸಿ

ಮೂರು ಪರೀಕ್ಷೆಗಳಿವೆ, ಯಾವುದಕ್ಕೂ ಕಾಸು ಬೇಡ.

ಒಂದು, ರಾತ್ರಿ ಎಲ್ಲರೂ ಮಲಗುವಾಗ ಟ್ಯಾಂಕಿನ ಮುಚ್ಚಳ ತೆಗೆದು ನೀರಿನ ಮಟ್ಟಕ್ಕೆ ಗುರುತು ಹಾಕಿ. ರಾತ್ರಿ ಯಾರೂ ನೀರು ಬಳಸದಿದ್ದರೆ, ಮೋಟಾರ್ ಓಡದಿದ್ದರೆ ಬೆಳಿಗ್ಗೆ ಮಟ್ಟ ಅಲ್ಲೇ ಇರಬೇಕು. ಸಂಪು ಇರುವ ಮನೆಯಲ್ಲಿ ನೀರಿನ ಮೀಟರ್ ನೋಡಿ ಪ್ರಯೋಜನವಿಲ್ಲ. ಅದು ಲೆಕ್ಕ ಹಾಕುವುದು ಸಂಪಿಗೆ ಬಂದ ನೀರನ್ನು.

ಎರಡು, ಸಿಂಕ್ ಮತ್ತು ವಾಷ್ ಬೇಸಿನ್ನಿನ ಕೆಳಗೆ ರಾತ್ರಿ ಹಳೆಯ ದಿನಪತ್ರಿಕೆ ಹರಡಿ. ಕಣ್ಣಿಗೆ ಕಾಣದ ತೊಟ್ಟು ಕಾಗದದ ಮೇಲೆ ದುಂಡಗಿನ ಕಲೆಯಾಗಿ ಸಿಕ್ಕಿಬೀಳುತ್ತದೆ. ಕಲೆಯ ನೇರ ಮೇಲಿನ ನಟ್ಟಿನಲ್ಲಿ ಹಸಿರು ಕಿಲುಬು ಅಥವಾ ಬಿಳಿ ಉಪ್ಪು ಕಂಡರೆ ಸೋರಿಕೆ ಹಳೆಯದೆಂದೇ ಅರ್ಥ.

ಮೂರು, ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಇಳಿದಿದ್ದರೆ ಒಳಗಿನ ವಾಷರ್ ಸವೆದಿದೆ.

ತೊಟ್ಟಿಕ್ಕುವ ನಲ್ಲಿಯನ್ನೂ ಹಗುರವಾಗಿ ಕಾಣಬೇಡಿ. ಸೆಕೆಂಡಿಗೊಂದು ಹನಿಯೆಂದರೆ ದಿನಕ್ಕೆ 86,400 ಹನಿ. ಒಂದು ಮಿಲಿಲೀಟರಿಗೆ 20 ಹನಿ ಎಂದು ಹಿಡಿದರೂ ನಾಲ್ಕು ಲೀಟರಿಗೆ ಮೇಲಾಯಿತು. ಹತ್ತು ದಿನಕ್ಕೆ ಎರಡು ಕೊಡಕ್ಕಿಂತ ಹೆಚ್ಚು.

4. ಹೊರಡುವಾಗ ಮೊದಲ ಕೈ ಮೋಟಾರಿನ ಮೇಲೆ

ಟ್ಯಾಂಕಿನ ಮಟ್ಟ ಇಳಿದಾಗ ತಾನೇ ಮೋಟಾರ್ ಓಡಿಸುವ ಆಟೊಮ್ಯಾಟಿಕ್ ಕಂಟ್ರೋಲರ್ ದಿನನಿತ್ಯಕ್ಕೆ ವರ. ಬೀಗ ಹಾಕಿದ ಮನೆಗೆ ಅದೇ ಶಾಪ. ಕೆಳಗೆ ಪೈಪ್ ಒಡೆದು ಟ್ಯಾಂಕ್ ಖಾಲಿಯಾದರೆ ಅದು ‘ಮನೆಯವರು ನೀರು ಬಳಸುತ್ತಿದ್ದಾರೆ’ ಎಂದುಕೊಂಡು ಮತ್ತೆ ತುಂಬಿಸುತ್ತದೆ. ಖಾಲಿಯಾದಂತೆಲ್ಲ ತುಂಬಿಸುತ್ತದೆ. ಸಂಪು 6000 ಲೀಟರಿನದಾದರೆ 1000 ಲೀಟರಿನ ಅನಾಹುತ 7000ಕ್ಕೆ ಏರುತ್ತದೆ. ಸಂಪು ಬತ್ತಿದ ಮೇಲೂ ನಿಲ್ಲುವ ವ್ಯವಸ್ಥೆ ಇಲ್ಲದಿದ್ದರೆ ಮೋಟಾರ್ ನೀರಿಲ್ಲದೆ ತಿರುಗಿ ಸುಡುತ್ತದೆ. ಆದ್ದರಿಂದ ಕಂಟ್ರೋಲರಿನ ಗುಂಡಿ ಒತ್ತಿ ಸುಮ್ಮನಾಗಬೇಡಿ, ಮೋಟಾರಿನ ಎಂಸಿಬಿಯನ್ನೇ ಇಳಿಸಿ.

5. ತಾರಸಿಯ ವಾಲ್ವ್ ಮುಚ್ಚಿ, ಪೈಪ್ ಬರಿದು ಮಾಡಿ

ಮೋಟಾರ್ ಆಯಿತು, ಇನ್ನು ಅಡುಗೆಮನೆ ಮತ್ತು ಬಾತ್‌ರೂಮ್ ಲೈನುಗಳ ವಾಲ್ವ್ ಮುಚ್ಚಿ. ಅಷ್ಟಕ್ಕೇ ಕೆಲಸ ಮುಗಿಯದು. ಪೈಪಿನೊಳಗೆ ನೀರು ನಿಂತೇ ಇರುತ್ತದೆ. ಕೆಳಗೆ ಬಂದು ಒಂದೊಂದೇ ನಲ್ಲಿ ಬಿಟ್ಟು ಧಾರೆ ನಿಲ್ಲುವವರೆಗೆ ಹರಿಯಲು ಬಿಡಿ, ಬಕೆಟಿನಲ್ಲಿ ಹಿಡಿದು ಗಿಡಗಳಿಗೆ ಹಾಕಿ. ಆಮೇಲೆ ಎಲ್ಲ ನಲ್ಲಿಗಳನ್ನೂ ಮುಚ್ಚಿ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ವಾಲ್ವ್ ಮುಚ್ಚಿ ಪೈಪ್ ಬರಿದಾದರೆ ಆ ಒತ್ತಡವೂ ಇಲ್ಲ, ಹರಿಯಲು ನೀರೂ ಇಲ್ಲ.

6. ಸೋಲಾರ್ ಮಾತ್ರ ಬೇರೆ ಲೆಕ್ಕ

ಎಲ್ಲ ಮುಚ್ಚುವ ಉತ್ಸಾಹದಲ್ಲಿ ಸೋಲಾರಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಬೇಡಿ. ಬಿಸಿನೀರು ಬಳಸುವವರಿಲ್ಲದೆ ದಿನವೂ ಬಿಸಿಲು ಬಿದ್ದರೆ ನೀರು ಕುದಿದು ಆವಿಯಾಗಿ ಗಾಳಿ ಕೊಳವೆಯಿಂದ ಹೊರಹೋಗುತ್ತದೆ. ತಣ್ಣೀರು ಬರದಿದ್ದರೆ ಗಾಜಿನ ಟ್ಯೂಬುಗಳು ಬರಿದಾಗಿ ಕಾಯುತ್ತವೆ. ನೀವು ವಾಪಸ್ ಬಂದು ಮಧ್ಯಾಹ್ನ ವಾಲ್ವ್ ತೆರೆದ ಕ್ಷಣ ಕಾದ ಗಾಜಿಗೆ ತಣ್ಣೀರು ತಾಗಿ ಸೀಳು ಬಿಡಬಹುದು. ಸರಿಯಾದ ಕ್ರಮ ಹೀಗಿದೆ: ಮೇಲಿನ ಟ್ಯಾಂಕ್ ತುಂಬಿಸಿ, ಸೋಲಾರಿಗೆ ಹೋಗುವ ತಣ್ಣೀರು ತೆರೆದಿಡಿ, ಸೋಲಾರಿನಿಂದ ಮನೆಯೊಳಗೆ ಇಳಿಯುವ ಬಿಸಿನೀರಿನ ವಾಲ್ವ್ ಮುಚ್ಚಿ. ವಾರಕ್ಕಿಂತ ಹೆಚ್ಚು ದಿನವಾದರೆ ಟ್ಯೂಬುಗಳ ಮೇಲೆ ಟಾರ್ಪಾಲು ಹೊದಿಸಿ ಕಟ್ಟಿ. ಸೋಲಾರ್ ಸೋರಿದರೂ ಹೋಗುವುದು ಒಂದು ಟ್ಯಾಂಕ್ ನೀರು, ಅದೂ ತಾರಸಿಯ ಮೇಲೆ.

7. ಮೆದು ಪೈಪುಗಳೇ ಮೊದಲ ಶತ್ರು

ಗೋಡೆಯೊಳಗಿನ ಪೈಪಿಗಿಂತ ಮೊದಲು ಸೋಲುವುದು ಹೊರಗೆ ನೇತಾಡುವ ಮೆದು ಪೈಪು. ಕಮೋಡಿನ ಪಕ್ಕದ ಹೆಲ್ತ್ ಫಾಸೆಟ್ ನೋಡಿ: ಬೆರಳು ತೆಗೆದ ಕೂಡಲೇ ನೀರು ನಿಲ್ಲುತ್ತದೆ, ಆದರೆ ಅದರ ಪೈಪಿನೊಳಗೆ ಹಗಲೂ ರಾತ್ರಿ ಒತ್ತಡ ಇದ್ದೇ ಇರುತ್ತದೆ. ಪೈಪಿನ ಎರಡೂ ತುದಿಯ ನಟ್ಟಿನ ಬಳಿ ಬೆರಳಾಡಿಸಿ. ಹೆಣೆದ ಸ್ಟೀಲ್ ತಂತಿ ಬಿಚ್ಚಿ ಚುಚ್ಚುತ್ತಿದ್ದರೆ, ಒಳಗಿನ ರಬ್ಬರ್ ಉಬ್ಬಿದ್ದರೆ ಆ ದಿನವೇ ಬದಲಿಸಿ. ಗೀಸರ್, ವಾಷ್ ಬೇಸಿನ್, ಫ್ಲಶ್ ಟ್ಯಾಂಕಿನ ಕನೆಕ್ಷನ್ ಪೈಪುಗಳಿಗೂ ಇದೇ ಪರೀಕ್ಷೆ. ಐದು ವರ್ಷ ದಾಟಿದ್ದನ್ನು ನಂಬಬೇಡಿ.

ಹೊರಡುವಾಗ ಪ್ರತಿಯೊಂದು ಪೈಪು ಗೋಡೆಗೆ ಸೇರುವಲ್ಲಿನ ಆಂಗಲ್ ಕಾಕ್ ಮುಚ್ಚಿ. ವಾಷಿಂಗ್ ಮೆಷಿನ್ನಿನ ನಲ್ಲಿ ಮುಚ್ಚಿ. ಆರ್‌ಒ ಪ್ಯೂರಿಫೈಯರಿನ ಸಣ್ಣ ವಾಲ್ವ್ ಮುಚ್ಚಿ ಪ್ಲಗ್ ತೆಗೆಯಿರಿ; ಅದರ ತೆಳು ಪ್ಲಾಸ್ಟಿಕ್ ಟ್ಯೂಬು ಜಾರಿದರೆ ಸದ್ದೂ ಬರುವುದಿಲ್ಲ. ಗೀಸರಿನ ಸ್ವಿಚ್ ಆಫ್ ಇರಲಿ.

8. ನೀರು ಬಾರದ ಹೊತ್ತಿನಲ್ಲಿ ತೆರೆದ ನಲ್ಲಿ

ನಮ್ಮೂರುಗಳಲ್ಲಿ ಪೈಪ್ ಒಡೆಯದೆಯೂ ಮನೆ ಮುಳುಗುತ್ತದೆ. ಬೆಳಿಗ್ಗೆ ನೀರಿಲ್ಲ, ಯಾರೋ ನಲ್ಲಿ ತಿರುಗಿಸಿ ನೋಡುತ್ತಾರೆ, ಬರುವುದಿಲ್ಲ, ಹಾಗೇ ಬಿಟ್ಟು ಬಸ್ ಹಿಡಿಯಲು ಓಡುತ್ತಾರೆ. ಮಧ್ಯಾಹ್ನ ನೀರು ಬಿಡುತ್ತಾರೆ. ಸಿಂಕಿನಲ್ಲಿ ಪಾತ್ರೆಯೊಂದು ತೂತಿಗೆ ಅಡ್ಡ ಕೂತಿದ್ದರೆ ಸಾಯಂಕಾಲದ ಹೊತ್ತಿಗೆ ನೀರು ಹಾಲಿಗೆ ಬಂದಿರುತ್ತದೆ. ಹೊರಡುವಾಗ ಪ್ರತಿ ನಲ್ಲಿಯನ್ನೂ ಕೈಯಿಂದಲೇ ಮುಟ್ಟಿ ನೋಡಿ, ‘ನೀರು ಬರುತ್ತಿಲ್ಲವಲ್ಲ’ ಎಂದು ಕಣ್ಣಲ್ಲೇ ತೀರ್ಮಾನಿಸಬೇಡಿ. ಸಿಂಕ್ ಖಾಲಿ ಇರಲಿ, ಬಚ್ಚಲಿನ ಜಾಲಿಯ ಮೇಲೆ ಬಕೆಟ್, ಮ್ಯಾಟ್, ಕೂದಲು ಇರದಿರಲಿ.

9. ಸಂಪಿನ ಫ್ಲೋಟ್ ಎತ್ತಿ ನೋಡಿ

ನಲ್ಲಿ ನೀರು ಬರುವ ದಿನ ಸಂಪಿನ ಮುಚ್ಚಳ ತೆಗೆದು ಫ್ಲೋಟ್ ಚೆಂಡನ್ನು ಕೈಯಲ್ಲಿ ಎತ್ತಿ ಹಿಡಿಯಿರಿ. ನೀರು ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ನೀವಿಲ್ಲದಾಗ ಸಂಪು ತುಂಬಿ ರಸ್ತೆಗೆ ಹರಿಯುತ್ತದೆ, ಇಲ್ಲವೇ ಪಾಯದ ಬದಿಗೆ ಇಂಗುತ್ತದೆ. ಹಾಗೆ ಪೋಲಾಗುವ ಬೆಂಗಳೂರಿನ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, 500 ಮೀಟರಿನಷ್ಟು ಎತ್ತರ ಪಂಪಾಗಿ ಬಂದದ್ದು. 2024ರ ಮಾರ್ಚಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತ್ತು. ಬಳಕೆ ಹೆಚ್ಚಿದಂತೆ ಲೀಟರಿನ ದರವೂ ಏರುವುದರಿಂದ ಸೋರಿಕೆಯ ಬಿಲ್ಲು ದುಪ್ಪಟ್ಟು ಚುರುಕು.

ಸಂಪು ತುಂಬಿಸಿಕೊಂಡು ಮೀಟರ್ ಬಳಿಯ ವಾಲ್ವ್ ಮುಚ್ಚಿ ಹೊರಡಿ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರಿಂದ 24 ಗಂಟೆಯೂ ನೀರು ಬರುವ ವ್ಯವಸ್ಥೆ ಶುರುವಾಯಿತು. ಅಂಥ ಕಡೆ ಬೀದಿಯ ಪೈಪಿನ ಒತ್ತಡ ಯಾವಾಗಲೂ ಮನೆಯ ಬಾಗಿಲಲ್ಲೇ ಇರುತ್ತದೆ. ಅಲ್ಲಿ ಈ ವಾಲ್ವ್ ಮರೆಯಲೇಬಾರದು.

10. ಫ್ಲ್ಯಾಟಿನವರು ಡಕ್ಟ್ ಬಾಗಿಲು ತೆರೆಯಿರಿ

ಅಪಾರ್ಟ್‌ಮೆಂಟಿನಲ್ಲಿ ಒಂದೇ ಮುಖ್ಯ ವಾಲ್ವ್ ಇರುವುದು ಅಪರೂಪ. ಪ್ರತಿ ಬಾತ್‌ರೂಮಿನ ಹಿಂದಿನ ಡಕ್ಟಿನಲ್ಲಿ ಒಂದೊಂದು, ಅಡುಗೆಮನೆಯ ಯುಟಿಲಿಟಿಯಲ್ಲಿ ಮತ್ತೊಂದು ಇರುತ್ತದೆ. ಹೊಸ ಕಟ್ಟಡಗಳಲ್ಲಿ ಫ್ಲಶ್‌ಗೆ ಶುದ್ಧೀಕರಿಸಿದ ನೀರು ಬೇರೆ ಪೈಪಿನಲ್ಲಿ ಬರುತ್ತದೆ; ಎಲ್ಲ ಮುಚ್ಚಿದೆವೆಂದುಕೊಂಡವರು ಬಿಟ್ಟುಬಿಡುವುದು ಇದನ್ನೇ. ಅಸೋಸಿಯೇಷನ್ನಿನ ಪ್ಲಂಬರನ್ನು ಒಮ್ಮೆ ಕರೆಸಿ ಎಲ್ಲವನ್ನೂ ತೋರಿಸಿಕೊಳ್ಳಿ. ಛಾವಣಿಯ ಸ್ಪ್ರಿಂಕ್ಲರ್ ಲೈನನ್ನು ಮಾತ್ರ ಮುಟ್ಟಬೇಡಿ, ಅದು ಬೆಂಕಿಗೆ ಇರುವುದು. ನಿಮ್ಮ ಮನೆಯ ನೀರು ಕೆಳಗಿನವರ ಫಾಲ್ಸ್ ಸೀಲಿಂಗಿಗೆ ಇಳಿದರೆ ನೀರು ಒರೆಸಿದ ಮೇಲೂ ಜಗಳ ಉಳಿಯುತ್ತದೆ. ಹೊರಡುವ ಮುನ್ನ ಅವರಿಗೆ ನಿಮ್ಮ ನಂಬರ್ ಕೊಟ್ಟಿರಿ.

11. ಮೇಲಿನಿಂದ ಬರುವ ನೀರನ್ನು ಮರೆಯಬೇಡಿ

ಬೇಸಿಗೆ ರಜೆಯೆಂದರೆ ಮೇ ತಿಂಗಳ ಗುಡುಗು ಮಳೆ. ದಸರೆಯೆಂದರೆ ಮುಂಗಾರು ಮುಗಿದು ಹಿಂಗಾರು ಕಾಲಿಡುವ ಹೊತ್ತು. ಎರಡೂ ರಜೆಯಲ್ಲಿ ಆಕಾಶವನ್ನು ನಂಬುವಂತಿಲ್ಲ. ಮೂವತ್ತು-ನಲವತ್ತು ಸೈಟಿನಷ್ಟು ಅಗಲದ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಅದು ಹೊರಹೋಗಬೇಕಾದ ತೂತಿಗೆ ಒಣಗಿದೆಲೆ, ಪಾರಿವಾಳದ ಗೂಡು, ಹಾಲಿನ ಪ್ಯಾಕೆಟ್ ಅಡ್ಡ ಬಂದರೆ ನೀರು ಮೆಟ್ಟಿಲ ಬಾಗಿಲಿನಿಂದ ಒಳಗಿಳಿಯುತ್ತದೆ. ಜಾಲಿ ತೆಗೆದು ಒಂದು ಬಕೆಟ್ ನೀರು ಸುರಿದು ನೋಡಿ. ಬಾಲ್ಕನಿಗೂ ಇದೇ ಪರೀಕ್ಷೆ. ಅಲ್ಲಿ ಕುಂಡದ ಮಣ್ಣೇ ತೂತು ಕಟ್ಟಿರುತ್ತದೆ. ಕರಾವಳಿ, ಮಲೆನಾಡಿನ ಹೆಂಚಿನ ಮನೆಯವರು ಮಂಗ ಸರಿಸಿದ ಹೆಂಚು, ಒಡೆದ ಹೆಂಚು ನೋಡಿ ಹೊರಡಿ.

12. ಬೆಲೆಯುಳ್ಳದ್ದನ್ನು ಒಂದಡಿ ಮೇಲಿಡಿ

ಅಕ್ಕಿ ಮೂಟೆ, ಕಾಗದಪತ್ರ, ಫೋಟೊ ಆಲ್ಬಂ, ನೆಲದ ಮೇಲಿನ ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲವನ್ನೂ ಎತ್ತಿಡಿ. ಫ್ರಿಜ್ ಬಿಟ್ಟು ಉಳಿದ ಪ್ಲಗ್ ತೆಗೆಯಿರಿ. ಐದು ನಿಮಿಷದ ಕೆಲಸ.

13. ಬೀಗದ ಕೈ ಕೊಡಿ, ವಾಲ್ವನ್ನೂ ತೋರಿಸಿ

ಪಕ್ಕದ ಮನೆಯವರಿಗೆ ಬರೀ ಕೀ ಕೊಟ್ಟರೆ ನೀರು ಹರಿಯುವುದನ್ನು ನೋಡಿ ಅವರು ನಿಮಗೆ ಫೋನ್ ಮಾಡಬಹುದಷ್ಟೆ. ಒಮ್ಮೆ ಜೊತೆಗೆ ಕರೆದೊಯ್ದು ತೋರಿಸಿ: “ಆಂಟಿ, ಎಲ್ಲಾದ್ರೂ ನೀರು ಕಂಡ್ರೆ ಮೊದ್ಲು ಈ ಕೆಂಪು ಹಿಡಿ ಅಡ್ಡ ತಿರುಗಿಸ್ಬಿಡಿ, ಆಮೇಲೆ ನಂಗೆ ಫೋನ್ ಮಾಡಿ.” ನೆಲ ಒದ್ದೆಯಿದ್ದರೆ ಸ್ವಿಚ್ ಮುಟ್ಟಬಾರದೆಂದೂ ಹೇಳಿ. ಗಿಡಕ್ಕೆ ನೀರು ಹಾಕಲು ಬರುವವರಿಗಾಗಿ ಎರಡು ಡ್ರಮ್ ತುಂಬಿಸಿ ಮುಚ್ಚಳ ಹಾಕಿಡಿ. ಆಗ ಯಾರೂ ವಾಲ್ವ್ ತೆರೆಯಬೇಕಿಲ್ಲ. ಮುಚ್ಚಳ ಕಡ್ಡಾಯ: ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ತೆರೆದ ಶುದ್ಧ ನೀರಿನಲ್ಲಿ ವಾರ-ಹತ್ತು ದಿನ ಸಾಕು.

ನೀರು ತಾಗಿದರೆ ಫೋನಿಗೆ ಸಂದೇಶ ಕಳಿಸುವ ಸೆನ್ಸರ್‌ಗಳೂ ಸಿಗುತ್ತವೆ. ಖಾಲಿ ಮನೆಯಲ್ಲಿ ಬರೀ ಕೂಗುವ ಸೆನ್ಸರಿನಿಂದ ಲಾಭವಿಲ್ಲ. ಸಂದೇಶ ಕಳಿಸುವಂಥದ್ದಾದರೆ ವೈಫೈ ರೂಟರ್ ಕರೆಂಟ್ ಹೋದಾಗಲೂ ಓಡುವಂತಿರಬೇಕು. ಸಂದೇಶ ಬಂದರೂ ವಾಲ್ವ್ ಮುಚ್ಚಲು ಕೈಯೊಂದು ಬೇಕೇ ಬೇಕು.

ವಿಮೆಯ ಮಾತನ್ನೂ ಇಲ್ಲೇ ಮುಗಿಸೋಣ. 2021ರ ಏಪ್ರಿಲ್‌ನಿಂದ ದೇಶದ ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೀರಿನ ಟ್ಯಾಂಕ್, ಪೈಪ್ ಒಡೆದು ಅಥವಾ ಉಕ್ಕಿ ಹರಿದು ಆದ ಹಾನಿಗೂ ರಕ್ಷಣೆ ಇದೆ. ವರ್ಷಗಟ್ಟಲೆ ಒಸರಿ ಉದುರಿದ ಗೋಡೆಗೆ ಪರಿಹಾರ ನಿರೀಕ್ಷಿಸಬೇಡಿ. ಮನೆ ತಿಂಗಳುಗಟ್ಟಲೆ ಖಾಲಿ ಇರುವುದಾದರೆ ಷರತ್ತೇನೆಂದು ಮೊದಲೇ ಕೇಳಿ. ಹೊರಡುವ ದಿನ ಪ್ರತಿ ಕೋಣೆಯ ಫೋಟೊ ತೆಗೆದಿಡಿ.

14. ಚಳಿದೇಶದ ಕನ್ನಡಿಗರಿಗೆ

ಡಿಸೆಂಬರಿನಲ್ಲಿ ನ್ಯೂಜೆರ್ಸಿಯಿಂದಲೋ ಟೊರಾಂಟೊದಿಂದಲೋ ತಾಯಿಮನೆಗೆ ಬರುವವರ ಶತ್ರು ಬೇರೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಪೈಪ್ ಸೀಳುತ್ತದೆ. ಮಂಜು ಕರಗಿದ ಮೇಲೆಯೇ ನೀರು ಹರಿಯತೊಡಗುತ್ತದೆ. ದುಡ್ಡು ಉಳಿಸಲೆಂದು ಹೀಟಿಂಗ್ ಪೂರ್ತಿ ಆರಿಸಬೇಡಿ, 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಸಬೇಡಿ. ಮುಖ್ಯ ವಾಲ್ವ್ ಮುಚ್ಚಿ, ನಲ್ಲಿ ಬಿಟ್ಟು ಪೈಪ್ ಬರಿದು ಮಾಡಿ. ಹೊರಗೋಡೆಯ ನಲ್ಲಿಗೆ ಸಿಕ್ಕಿಸಿದ ತೋಟದ ಪೈಪ್ ಬಿಚ್ಚಿಡಿ. ಮನೆಯ ಹೀಟಿಂಗ್ ಬಿಸಿನೀರಿನಿಂದಲೇ ನಡೆಯುವುದಾದರೆ ನೀರು ಮುಚ್ಚುವ ಮೊದಲು ಮೆಕ್ಯಾನಿಕ್‌ನನ್ನು ಕೇಳಿ.

15. ವಾಪಸ್ ಬಂದಾಗ ಅವಸರ ಬೇಡ

ಬಾಗಿಲು ತೆರೆದೊಡನೆ ನೆಲ ನೋಡಿ, ಆಮೇಲೆ ಸ್ವಿಚ್. ಎಲ್ಲಾದರೂ ನೀರು ನಿಂತಿದ್ದರೆ ಮೇನ್ ಇಳಿಸಿಯೇ ಮುಂದಿನ ಹೆಜ್ಜೆ. ಮೇನ್ ಇರುವ ಜಾಗವೇ ಒದ್ದೆಯಾಗಿದ್ದರೆ ಮುಟ್ಟದೆ ಎಲೆಕ್ಟ್ರಿಷಿಯನ್ ಕರೆಸಿ. ವಾಲ್ವನ್ನು ಸ್ವಲ್ಪ ಸ್ವಲ್ಪವೇ ತೆರೆಯಿರಿ. ಒಮ್ಮೆಲೇ ತೆರೆದರೆ ಪೈಪಿನೊಳಗಿನ ಗಾಳಿಗೆ ನೀರು ನುಗ್ಗಿ ಜಾಯಿಂಟುಗಳಿಗೆ ಹೊಡೆತ ಬೀಳುತ್ತದೆ. ನಿಂತ ನೀರನ್ನು ಒಂದೆರಡು ನಿಮಿಷ ಹರಿಯಬಿಟ್ಟು ಬಳಸಿ. ಬಚ್ಚಲಿನಿಂದ ವಾಸನೆ ಬಂದರೆ ಗಾಬರಿ ಬೇಡ, ಜಾಲಿಯ ಕೆಳಗಿನ ಟ್ರ್ಯಾಪಿನಲ್ಲಿ ವಾಸನೆ ತಡೆಯುವ ನೀರು ಒಣಗಿದೆ ಅಷ್ಟೆ. ಎರಡು ಚೊಂಬು ನೀರು ಸುರಿಯಿರಿ. ಮುಂದಿನ ಸಲ ಹೊರಡುವಾಗ ಒಂದು ಚಮಚ ಕೊಬ್ಬರಿ ಎಣ್ಣೆ ಬಿಟ್ಟರೆ ಬೇಗ ಒಣಗದು.

ಕೊನೆಯ ಹತ್ತು ನಿಮಿಷದ ಕ್ರಮ ಹೀಗಿರಲಿ: ಮೋಟಾರಿನ ಎಂಸಿಬಿ, ತಾರಸಿಯ ವಾಲ್ವುಗಳು (ಸೋಲಾರಿನ ತಣ್ಣೀರಿನದೊಂದನ್ನು ಬಿಟ್ಟು), ನಲ್ಲಿ ಬಿಟ್ಟು ಪೈಪ್ ಬರಿದು, ನಲ್ಲಿ ಮುಚ್ಚು, ಆಂಗಲ್ ಕಾಕುಗಳು, ಮೆಷಿನ್ ಮತ್ತು ಪ್ಯೂರಿಫೈಯರ್, ಮೀಟರ್ ಬಳಿಯ ವಾಲ್ವ್. ಕಾಗದದ ಮೇಲೆ ಬರೆದು ಮುಂಬಾಗಿಲ ಒಳಬದಿಗೆ ಅಂಟಿಸಿ. ಎರಡು ದಿನದ ಮದುವೆಗಾದರೂ ಇದೇ ಕ್ರಮ, ಎರಡು ತಿಂಗಳ ವಿದೇಶ ಪ್ರವಾಸಕ್ಕಾದರೂ ಇದೇ.

ಈ ಹದಿನೈದರಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಮೊದಲನೆಯದನ್ನು ಮಾಡಿ. ಇವತ್ತೇ ತಾರಸಿಗೆ ಹೋಗಿ ನಿಮ್ಮ ವಾಲ್ವ್ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ರೈಲಿನ ಟಿಕೆಟ್ ಬುಕ್ ಮಾಡುವ ಮೊದಲು ಪ್ಲಂಬರನ್ನು ಬುಕ್ ಮಾಡಿ.